ಅಕ್ಕನ ಪಾಲಿನ ಹಿಡಿಕೆ

ಎಲ್ಲಿಯಾದರೂ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ನಿಂತಿದ್ದರೆ ಸಾಕು, ನಮ್ಮ ವಿಮಲಕ್ಕ ಹೋಗಿ ಐದನೆಯವಳಾಗಿ ನಿಲ್ಲುತ್ತಿದ್ದಳು. ಅಲ್ಲಿ ಏನು ಕೊಡುತ್ತಿದ್ದಾರೆ ಎಂದು ಕೇಳುವುದು ನಿಂತ ಮೇಲೆ. ಸಾಲಿಗೆ ನಮ್ಮ ಹುಬ್ಬಳ್ಳಿ ಕಡೆ ಪಾಳಿ ಅನ್ನುತ್ತೇವೆ. "ಮೊದಲ ಪಾಳಿ ಹಚ್ಚಬೇಕು ತಮ್ಮಾ, ಆಮ್ಯಾಲ ಕೇಳಬೇಕು. ಕೇಳ್ಕೋತ ನಿಂತ್ರ ಹತ್ತು ಮಂದಿ ಮುಂದ ಹೋಗಿರ್ತಾರ" ಎನ್ನುತ್ತಿದ್ದಳು.

ಒಮ್ಮೆ ನನ್ನ ಮಗಳನ್ನು ಕಾಲೇಜಿಗೆ ಬಿಡಲು, ನಾವಿರುವ ಟೆಕ್ಸಸ್ಸಿನಲ್ಲೇ, ಆಸ್ಟಿನ್‌ಗೆ ಹೋಗಿದ್ದೆವು. ನಾನು ಕಾರು ಪಾರ್ಕ್ ಮಾಡಿ ಬರುವಷ್ಟರಲ್ಲಿ ಅಕ್ಕ ಮಾಯ. ಹುಡುಕಿದರೆ, ಒಂದು ಬಾರ್ಬೆಕ್ಯೂ ಹೋಟೆಲನ್ನು ಸುತ್ತಿಕೊಂಡು ನಿಂತ ಸಾಲಿನ ನಡುವೆ, ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದು, ಹಿಂದಿದ್ದ ದೊಡ್ಡ ಹ್ಯಾಟಿನವನ ಜೊತೆ ಮಾತಾಡುತ್ತ ನಿಂತಿದ್ದಾಳೆ.

"ಅಕ್ಕಾ, ಅದು ದನದ ಮಾಂಸದ ಹೋಟೆಲ್."

"ಇರ್ಲಿ ಬಿಡೋ. ಇಷ್ಟು ಮುಂದ ಬಂದೀನಿ, ಈಗ ಹ್ಯಾಂಗ ಬಿಡ್ಲಿ?"

ಮೊಟ್ಟೆಯನ್ನೂ ಮುಟ್ಟದ ಹೆಂಗಸು ಬಿಡದೆ ನಿಂತು ಕೌಂಟರ್ ಮುಟ್ಟಿದಳು. ಅಲ್ಲಿ ಮಾಂಸದ ಜೊತೆ ಬಿಟ್ಟಿ ಕೊಡುವ ಬ್ರೆಡ್ಡು, ಹೆಚ್ಚಿದ ಈರುಳ್ಳಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇಷ್ಟನ್ನೇ ಕೇಳಿ ತೆಗೆದುಕೊಂಡು, ಯುದ್ಧ ಗೆದ್ದವಳ ಹಾಗೆ ಹೊರಗೆ ಬಂದಳು. ಕೌಂಟರಿನವನು ಏನೂ ತೋಚದೆ ಅವಳಿಗೆ ದುಡ್ಡೇ ಕೇಳಿರಲಿಲ್ಲ.

ಅವನ್ನೆಲ್ಲ ಹಾಕಿಕೊಂಡಿದ್ದು ಒಂದು ಬಲೆಯ ಚೀಲದಲ್ಲಿ. ರಷ್ಯಾದಿಂದ ತಂದದ್ದು. ಮುದುಡಿದರೆ ಮುಷ್ಟಿಯೊಳಗೆ ಅಡಗುತ್ತಿತ್ತು, ಬಿಡಿಸಿದರೆ ಒಂದು ಕುಂಬಳಕಾಯಿ ಹಿಡಿಸುತ್ತಿತ್ತು. ರಷ್ಯನ್ ಭಾಷೆಯಲ್ಲಿ ಅದರ ಹೆಸರು 'ಅವೋಸ್ಕಾ' ಅಂತೆ. 'ಅವೋಸ್' ಅಂದರೆ 'ಏನಾದರೂ ಸಿಕ್ಕೀತು' ಅನ್ನೋ ಹಾಗೆ. ಅಕ್ಕ ಅದಕ್ಕೆ 'ಸಿಕ್ಕೀತು ಚೀಲ' ಎಂದು ಹೆಸರಿಟ್ಟಿದ್ದಳು. ಅದಿಲ್ಲದೆ ಅವಳು ಮೇಲ್‌ಬಾಕ್ಸಿಗೂ ಹೋಗಿದ್ದನ್ನು ನಾನು ಕಂಡಿಲ್ಲ.

ನಮ್ಮಪ್ಪ ಹುಬ್ಬಳ್ಳಿಯ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದವನು, ಕೆಂಪು ಬಾವುಟದ ಯೂನಿಯನ್ನಿನವನು. ಮಗಳು ಜಾಣೆ ಎಂದು ಯೂನಿಯನ್ನಿನವರೇ ಓಡಾಡಿ, ಸೋವಿಯತ್ ದೇಶದಲ್ಲಿ ಓದಲು ಸ್ಕಾಲರ್‌ಶಿಪ್ ಕೊಡಿಸಿದರು. ಮಗನಾದ ನಾನು ಎಸ್ಸೆಸ್ಸೆಲ್ಸಿಗೆ ಕೈ ಮುಗಿದು ಕಿರಾಣಿ ಅಂಗಡಿಯ ತಕ್ಕಡಿ ಹಿಡಿದೆ. ಅಕ್ಕ ಓದಿದ್ದು ಯೋಜಿತ ಅರ್ಥವ್ಯವಸ್ಥೆ. ಅಂದರೆ ಇಡೀ ದೇಶಕ್ಕೆ ಎಷ್ಟು ಜೋಡಿ ಬೂಟು ಬೇಕು ಎಂದು ಒಂದು ಕೋಣೆಯಲ್ಲಿ ಕೂತು ಮೊದಲೇ ನಿರ್ಧರಿಸುವ ವಿದ್ಯೆ. ಅವಳ ಓದು ಮುಗಿಯುವ ಹೊತ್ತಿಗೆ ದೇಶವೇ ಮುಗಿದಿತ್ತು.

ಟೆಕ್ಸಸ್ಸಿನಲ್ಲಿ ಯಾರದಾದರೂ ಮನೆಯ ಊಟದಲ್ಲಿ ಡಾಕ್ಟರುಗಳು, ಇಂಜಿನಿಯರುಗಳು ಸೇರಿದಾಗ "ಆಂಟಿ, ನೀವು ಏನು ಓದಿದ್ದು?" ಎಂದು ಕೇಳುವರು. ಅಕ್ಕ ಹಪ್ಪಳ ಮುರಿಯುತ್ತ ಹೇಳುವಳು: "ಇಲ್ಲದ ದೇಶದಾಗ, ಹೆಸರು ಬದಲಾದ ಊರಾಗ, ಯಾರಿಗೂ ಬ್ಯಾಡಾದ ವಿಷಯದಾಗ ಫಸ್ಟ್ ಕ್ಲಾಸ್."

ಅವಳ ಪ್ರೊಫೆಸರನ ಕಥೆಯನ್ನು ನಾನು ಅನೇಕ ಸಲ ಕೇಳಿದ್ದೇನೆ. ಬೇಸಿಗೆ ರಜೆಗೆ ಮುಂಚೆ ಆತ ಯೋಜನೆಯ ಪಾಠ ಮಾಡುತ್ತಿದ್ದ. ರಜೆ ಮುಗಿಸಿ ಬಂದವನು ಮಾರ್ಕೆಟಿಂಗ್ ಪಾಠ ಶುರು ಮಾಡಿದ. ಅದೇ ಕೋಟು, ಅದೇ ಕೆಮ್ಮು. "ಮೊದಲ, ಪಕ್ಷ ಹೇಳಿದ್ದು ಖರೇ ಅಂತಿದ್ದ, ಈಗ ಗಿರಾಕಿ ಹೇಳಿದ್ದು ಖರೇ ಅಂತಾನ. ನಮಗ ಪರೀಕ್ಷಾಕ ಏನೂ ತ್ರಾಸಾಗಲಿಲ್ಲ." ಕ್ಲಾಸಿನ ಗೋಡೆಯ ಮೇಲಿದ್ದ ನಾಯಕನ ಪಟ ಇಳಿಸಿದಾಗ ಅಲ್ಲೊಂದು ಬಿಳಿಯ ಚೌಕ ಉಳಿಯಿತಂತೆ. ಅದನ್ನು ಮುಚ್ಚಲು ಒಂದು ಬ್ಯಾಂಕಿನ ಕ್ಯಾಲೆಂಡರ್ ತಂದು ನೇತುಹಾಕಿದರು. ಕ್ಯಾಲೆಂಡರ್ ಚಿಕ್ಕದು, ಚೌಕ ದೊಡ್ಡದು. ಸುತ್ತಲೂ ಬಿಳಿ ಕಾಣುತ್ತಲೇ ಇತ್ತು.

ಅಕ್ಕ ಕೆಲವು ವರ್ಷ ಅಲ್ಲೇ ಇದ್ದು, ಹುಬ್ಬಳ್ಳಿಗೆ ಮರಳಿ, ಶಾಲೆಯಲ್ಲಿ ಲೆಕ್ಕ ಕಲಿಸಿದಳು. ಮದುವೆಯಾಗಲಿಲ್ಲ. ನಾನು ನರ್ಸ್ ಹೆಂಡತಿಯ ಬೆನ್ನಿಗೆ ಅಂಟಿಕೊಂಡು ಡಲ್ಲಾಸಿಗೆ ಬಂದು, ಅದರ ಪಕ್ಕದ ಕ್ಯಾರಲ್ಟನ್‌ನಲ್ಲಿ ದಿನಸಿ ಅಂಗಡಿ ಹಾಕಿ, ಸಿಟಿಜನ್ ಆಗಿ ಅಕ್ಕನನ್ನು ಸ್ಪಾನ್ಸರ್ ಮಾಡಿದೆ. ಒಡಹುಟ್ಟಿದವರ ವೀಸಾಕ್ಕೆ ಎಷ್ಟೋ ವರ್ಷ ಕಾಯಬೇಕು. ಫೋನಿನಲ್ಲಿ ನಾನು ಬೈದುಕೊಂಡರೆ ಅವಳಿಗೆ ನಗು. "ಪಾಳಿ ಹಚ್ಚೀನಿ ಅಲ್ಲೇನೋ. ಏನು ಕೊಡ್ತಾರ ಅಂತ ಬಂದ ಮ್ಯಾಲ ನೋಡೋಣು."

ಬಂದ ಮೇಲೆ ಸಿಕ್ಕಿದ್ದು ನಮ್ಮ ಬಳಗದ ಅಡುಗೆ.

ನಮ್ಮ ಕಡೆಯ ಕನ್ನಡದವರು ಸೇರಿ ಒಂದು ಪುಟ್ಟ ಬಳಗ ಮಾಡಿಕೊಂಡಿದ್ದೆವು. ಅದಕ್ಕೆ ಕಟ್ಟಡವಿಲ್ಲ, ಇದ್ದದ್ದು ಪಾತ್ರೆಗಳು. ಪ್ರತಿ ಯುಗಾದಿಗೆ ವಂತಿಗೆ ಹಾಕಿ ಒಂದೊಂದಾಗಿ ಕೊಂಡು ತಂದವು: ಕೊಳಗಗಳು, ಇಡ್ಲಿ ಅಟ್ಟ, ಗ್ರೈಂಡರು, ಮತ್ತು ಎರಡು ಹಿಡಿಕೆಯ ಒಂದು ಭಾರಿ ಕಡಾಯಿ. ಕಡಾಯಿಯನ್ನು ಇಬ್ಬರಿಲ್ಲದೆ ಎತ್ತಲಾಗುತ್ತಿರಲಿಲ್ಲ. ಎಲ್ಲವೂ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿರುತ್ತಿದ್ದವು. ಗೃಹಪ್ರವೇಶ, ನಾಮಕರಣ, ತಿಥಿ ಯಾವುದೇ ಇರಲಿ, ಬೇಕಾದವರು ಒಯ್ಯುವುದು, ತೊಳೆದು ತಂದಿಡುವುದು. ಅಕ್ಕ ಬಂದ ಮೇಲೆ ಕಡಾಯಿಯ ಜೊತೆ ಅವಳೂ ಹೋಗುತ್ತಿದ್ದಳು. "ಇಡೀ ಅಮೇರಿಕಾದಾಗ ಉಳಿದಿರೋ ಸಮಾಜವಾದ ನಿನ್ನ ಅಂಗಡಿ ಹಿಂದಿನ ಖೋಲ್ಯಾಗೈತಿ ನೋಡು" ಎಂದು ನಗುತ್ತಿದ್ದಳು.

ಆ ವರ್ಷ ಬಳಗಕ್ಕೆ ಮೆಕಿನ್ನಿಯ ಪ್ರಕಾಶ್ ಸರ್ ಅಧ್ಯಕ್ಷರಾದರು. ಆಫೀಸಿನಲ್ಲಿ ಜನರನ್ನು ಕೆಲಸದಿಂದ ತೆಗೆಯುವುದನ್ನು 'ರೀಸ್ಟ್ರಕ್ಚರಿಂಗ್' ಎಂದು ಕರೆಯುವ ಹುದ್ದೆ ಅವರದು. ಮೊದಲ ಮೀಟಿಂಗಿನಲ್ಲೇ ಸ್ಲೈಡು ಹಾಕಿದರು. "ನೋಡಿ, ಪಾತ್ರೆ ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ. ಅದು ಡೆಡ್ ಅಸೆಟ್. ಎಲ್ರಿಗೂ ಒಂದೊಂದು ಪಾಲಿನ ಚೀಟಿ ಕೊಡೋಣ. ಬೇಕಾದವರು ಇಟ್ಕೊಳ್ಳಿ, ಬೇಡದವರು ಯಾರಿಗಾದರೂ ಕೊಡಲಿ. ಯಾರ ಹತ್ರ ಜಾಸ್ತಿ ಚೀಟಿ ಇರುತ್ತೋ ಅವರು ಮ್ಯಾನೇಜ್ ಮಾಡ್ತಾರೆ. ಎಫಿಶಿಯೆಂಟ್ ಆಗುತ್ತೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಹೊತ್ತಿನಲ್ಲಿ ಅಕ್ಕನ ಮುಖ ಸಪ್ಪಗಾಗಿದ್ದನ್ನು ನಾನು ನೋಡಿದೆ.

ಮನೆಗೆ ಬಂದು ರೊಟ್ಟಿ ತಟ್ಟುತ್ತ ಅಕ್ಕ ತಮಾರಾ ಅಜ್ಜಿಯ ವಿಷಯ ತೆಗೆದಳು. ತಮಾರಾ ರಷ್ಯಾದಲ್ಲಿ ಅವಳಿಗೆ ಕೋಣೆ ಕೊಟ್ಟ ಮುದುಕಿ, ಜೀವಮಾನವೆಲ್ಲ ಗಾಜಿನ ಕಾರ್ಖಾನೆಯಲ್ಲಿ ದುಡಿದವಳು. ಹಳೆಯ ಸರ್ಕಾರ ಬಿದ್ದ ಮೇಲೆ ಅಲ್ಲೂ ಎಲ್ಲರಿಗೂ ಒಂದೊಂದು ಚೀಟಿ ಹಂಚಿದರಂತೆ, ದೇಶದ ಕಾರ್ಖಾನೆಗಳಲ್ಲಿ ಇದು ನಿಮ್ಮ ಪಾಲು ಎಂದು. ಆ ಕಾಗದವನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರನ ಅಳಿಯ ಸ್ಟೇಷನ್ ಮುಂದೆ ಮೇಜು ಹಾಕಿ ಕೂತ. ಒಂದು ಚೀಟಿಗೆ ಎರಡು ಕಿಲೋ ಸಕ್ಕರೆ.

"ಮುದುಕಿ ನನ್ನ ಕೇಳಿದ್ಲು, ಕೊಡ್ಲೇನಮ್ಮಾ ಅಂತ. ಅರ್ಥಶಾಸ್ತ್ರ ಓದಿದಾಕಿ ಬಾಜೂಕ ನಿಂತಿದ್ದೆ. ಸಕ್ಕರಿ ಛಲೋ ಐತಿ, ತಗೋ ಅಂದೆ. ಆಕಿ ಜಾಮ್ ಮಾಡಿದ್ಲು. ಚಳಿಗಾಲಕ್ಕ ಕಾರ್ಖಾನಿ ಅಳಿಯಂದಾತು. ಕ್ಯಾಂಟೀನ್ ಮುಚ್ಚಿದ, ಕಾರ್ಖಾನಿಯಿಂದ ಮಂದಿ ಮನಿಗೆ ಬರೋ ಬಿಸಿನೀರು ಬಂದ್ ಮಾಡಿದ. ಆಕಿ ಬ್ರೆಡ್ಡಿಗೆ ಜಾಮ್ ಸವರಿ, 'ನೋಡು, ಇದ ನನ್ನ ಕಾರ್ಖಾನಿ' ಅಂತಿದ್ಲು." ಅಕ್ಕನ ಕಣ್ಣಲ್ಲಿ ನೀರಿತ್ತು. ರೊಟ್ಟಿ ಹಂಚಿನ ಮೇಲೆ ಸೀದು ಕಪ್ಪಾಯಿತು.

ಇಷ್ಟು ಬರೆಯುತ್ತ ಬಂದದ್ದು ಇದನ್ನು ಹೇಳುವುದಕ್ಕಾಗಿ. ಆ ಕಥೆ ಕೇಳಿ ನಾನು ಅಳಿಯನ ಪಕ್ಷ ವಹಿಸಿದೆ. ಅಕ್ಕ ತನ್ನ ಮನಸ್ಸಿನ ಗಾಯ ತೋರಿಸುತ್ತಿದ್ದಳು, ನನ್ನ ಅಂಗಡಿಕಾರನ ತಲೆ ಅದರಲ್ಲಿ ವ್ಯಾಪಾರದ ಉಪಾಯ ಹೆಕ್ಕುತ್ತಿತ್ತು. ಇಡೀ ಕಾರ್ಖಾನೆ ಸಕ್ಕರೆಗೆ ಬರುವುದಾದರೆ ಕಡಾಯಿ ಯಾವ ಲೆಕ್ಕ?

ಬಳಗದವರ ಕೈಗೆಲ್ಲ ಪಾಲಿನ ಚೀಟಿ ಬಂತು, ಹಿಂದೆಯೇ ಮಾವಿನ ಸೀಸನ್ನು ಬಂತು. ಅಂಗಡಿಯ ಮುಂದೆ ಮೇಜು ಹಾಕಿದೆ. ಒಂದು ಪಾಲಿನ ಚೀಟಿಗೆ ಒಂದು ಬಾಕ್ಸ್ ಮೆಕ್ಸಿಕೋ ಮಾವು. ಶನಿವಾರ ಬೆಳಿಗ್ಗೆ ಪಾರ್ಕಿಂಗ್ ಲಾಟಿನ ತುದಿಯವರೆಗೂ ಸಾಲು. ದೊಡ್ಡ ದೊಡ್ಡ ಆಸ್ಪತ್ರೆಯ ಡಾಕ್ಟರುಗಳು ಚೀಟಿ ಹಿಡಿದು, "ಹಣ್ಣು ಹುಳಿ ಇಲ್ಲ ತಾನೆ?" ಎಂದು ಮುಂದಿನವರ ಬಾಕ್ಸು ಮೂಸಿ ನೋಡುತ್ತಿದ್ದರು. ಪಾತ್ರೆ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಸಾಲು ಕರಗುತ್ತ ಬಂದು, ತಲೆ ಎತ್ತಿದರೆ, ಎದುರಿಗೆ ಅಕ್ಕ. ಕೈಯಲ್ಲಿ ಬಿಡಿಸಿದ ಸಿಕ್ಕೀತು ಚೀಲ. ಎಂದಿನಂತೆ ಸಾಲು ಕಂಡು ಬಂದು ನಿಂತಿದ್ದಳು.

"ಏನು ಕೊಡಾಕತ್ತೀಯೋ ತಮ್ಮಾ?"

"ಮಾವಿನಹಣ್ಣು, ಅಕ್ಕಾ."

"ಯಾತಕ್ಕ?"

ಅವಳು ಮೇಜಿನ ಮೇಲಿನ ಚೀಟಿಗಳ ರಾಶಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಿಂದಿನವರು "ಆಂಟಿ, ಸ್ವಲ್ಪ ಬೇಗ" ಎಂದರು. ಅಕ್ಕ ಚೀಲವನ್ನು ಮಡಚಿ ಮುಷ್ಟಿಯೊಳಗೆ ಅಡಗಿಸಿಕೊಂಡಳು.

"ನನ್ನ ಚೀಟಿ ನಾ ಕೊಡಂಗಿಲ್ಲ. ಕಡಾಯಿ ನೀ ಇಟ್ಕೋ. ಆದ್ರ ಅದರ ಒಂದು ಹಿಡಿಕಿ ನಂದು, ತಿಳೀತಿಲ್ಲೋ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಪಾತ್ರೆಗಳು ನನ್ನವಾದವು. ಗೋಡೆಯ ಮೇಲೆ ಬಾಡಿಗೆಯ ಬೋರ್ಡು ಬಂತು. ಪ್ರಕಾಶ್ ಸರ್ "ಈಗ ನೋಡಿ, ಓನರ್‌ಶಿಪ್!" ಎಂದು ಬೆನ್ನು ತಟ್ಟಿದರು. ಅಕ್ಕ ಬೋರ್ಡಿನ ಕೆಳಗೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು.

ಬೇಸಿಗೆ ಕಳೆದು ಚಳಿ ಶುರುವಾದಾಗ, ಒಂದು ಬೆಳಿಗ್ಗೆ ಯೂಲೆಸ್‌ನ ಮಂಜುನಾಥ ಅಂಗಡಿಗೆ ಬಂದ. ಮಗನ ಮನೆ ನೋಡಲು ಊರಿನಿಂದ ಬಂದಿದ್ದ ಅವನ ತಂದೆ ಇಲ್ಲೇ ತೀರಿಕೊಂಡಿದ್ದರು. ಮರುದಿನ ತಿಥಿ ಊಟ. ಕಣ್ಣು ಊದಿಕೊಂಡಿತ್ತು.

"ಕಡಾಯಿ ಒಯ್ತೀನ್ರಿ ಅಣ್ಣಾರ."

"ಡಿಪಾಸಿಟ್ ಕಟ್ಟಬೇಕಲ್ಲ, ಮಂಜುನಾಥ್" ಎಂದೆ. ಬೋರ್ಡು ತೋರಿಸಿದೆ.

"ಡಿಪಾಸಿಟ್? ವಿಮಲಕ್ಕಾರು ಯಾವಾಗ್ಲೂ ಹಂಗ..." ಎಂದವನು ಅರ್ಧಕ್ಕೇ ನಿಲ್ಲಿಸಿ ಜೇಬು ತಡಕಿದ.

ಅಕ್ಕ ಕೊತ್ತಂಬರಿ ಬಿಟ್ಟು ಎದ್ದಳು. "ಮಂಜಣ್ಣಾ, ಕೈ ಜೇಬಿನಾಗಿಂದ ತಗೀರಿ. ಈ ಕಡೆ ಹಿಡಿಕಿ ನಂದು, ನನ್ನ ಹಿಡಿಕಿ ನಾ ಒಯ್ತೀನಿ. ಆ ಕಡೆದ್ದು ತಾನ ಹಿಂದ ಬಂದ್ರ ನಾ ಏನ್ ಮಾಡ್ಲಿ? ನೀವೂ ಸ್ವಲ್ಪ ಹಿಡೀರಿ." ಸಾವಿನ ಮನೆಯಿಂದ ಬಂದ ಮಂಜುನಾಥನಿಗೂ ನಗು ಬಂತು. ಇಬ್ಬರೂ ಕಡಾಯಿ ಎತ್ತಿದರು.

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ನಾನು ಅಡ್ಡ ನಿಂತೆ. ಅಂದೇಬಿಟ್ಟೆ: "ಅಕ್ಕಾ, ಕೆಳಗಿಡು. ಈ ಮನೆಯಾಗ ನಿನಗ ಊಟಕ್ಕ ಹಾಕಾವ ನಾನು. ಅದರ ನೆನಪಿರ್ಲಿ."

ಕಡಾಯಿ ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವಳು ಎತ್ತಿ ಹಾಕಲಿಲ್ಲ. ಕೈ ತಾನಾಗಿ ಸಡಿಲಾಯಿತು.

ಮಂಜುನಾಥ ಬರಿಗೈಯಲ್ಲಿ ಹೋಗಿ ಹೋಟೆಲಿನಿಂದ ಊಟ ತರಿಸಿದ. ಅಕ್ಕ ಹೂಸ್ಟನ್‌ಗೆ ಹೋದಳು. ಅವಳ ಜೊತೆ ರಷ್ಯಾದಲ್ಲಿ ಓದಿದ ಗೆಳತಿಯೊಬ್ಬಳು ಅಲ್ಲಿದ್ದಳು. ಬಸ್ಸಿಗೆ ಬಿಟ್ಟು ಬರುವಾಗ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಬಂದದ್ದು, "ನೀರು ತಗೊಂಡೀಯೇನು?" ಎಂಬ ಮಾತು. ಅವಳು ಚೀಲ ಎತ್ತಿ ತೋರಿಸಿದಳು. ಬಾಟಲಿ ಇತ್ತು. ಬಸ್ಸಿನ ಬಾಗಿಲಲ್ಲಿ ಸಾಲು ಇತ್ತು. ಹೋಗಿ ನಿಂತಳು. ಮುಂದೆ ಫೋನಿನಲ್ಲಿ ಎರಡೂ ಊರಿನ ಹವಾಮಾನದ ಬಗ್ಗೆ ಎಷ್ಟು ಮಾತಾಡಬಹುದೋ ಅಷ್ಟನ್ನೂ ಮಾತಾಡಿದೆವು.

ನನ್ನ ಸಾಮ್ರಾಜ್ಯದ ವಿಷಯಕ್ಕೆ ಬಂದರೆ, ಪಾತ್ರೆಗೆ ಬಾಡಿಗೆ ಕೊಡಬೇಕು ಎಂದ ಮೇಲೆ ಜನ ಕೇಟರಿಂಗಿನವರ ಅಲ್ಯೂಮಿನಿಯಂ ಟ್ರೇಗಳಿಗೆ ಹೋದರು. ತೊಳೆಯುವ ರಗಳೆಯಿಲ್ಲ, ಎಸೆದರಾಯಿತು. ಹಾಗೆಯೇ ಒಟ್ಟಿಗೆ ಕೂತು ಈರುಳ್ಳಿ ಹೆಚ್ಚುವುದೂ ನಿಂತಿತು. ಪಾತ್ರೆಗಳನ್ನು ಬಳಗಕ್ಕೇ ವಾಪಸು ಕೊಡುತ್ತೇನೆ ಎಂದು ಹೋದೆ. ಪ್ರಕಾಶ್ ಸರ್ ಆದಮೇಲೆ ಬಂದ ಅಧ್ಯಕ್ಷರು, "ಅಯ್ಯೋ ಬೇಡಿ ಅಂಕಲ್, ಯಾರಿಗಾದ್ರೂ ಹೊಟ್ಟೆ ಕೆಟ್ರೆ ಲಯಬಿಲಿಟಿ, ಕೇಸು ನಮ್ಮ ಮೇಲೆ ಬರುತ್ತೆ" ಎಂದರು. ಕಸಿದುಕೊಳ್ಳುವುದಕ್ಕೆ ಒಂದು ಮಾವಿನ ಸೀಸನ್ನು ಸಾಕಾಗಿತ್ತು. ಹಿಂದಿರುಗಿಸುವುದಕ್ಕೆ ಯಾವ ಸೀಸನ್ನೂ ಇರಲಿಲ್ಲ.

ಈ ಬೇಸಿಗೆಯಲ್ಲಿ ಹೂಸ್ಟನ್ನಿನಿಂದ ಆ ಗೆಳತಿಯ ಫೋನು ಬಂತು. ಅಕ್ಕ ನಿದ್ದೆಯಲ್ಲೇ ಹೋಗಿದ್ದಳು.

ತಿಥಿ ಊಟಕ್ಕೆ ಕಡಾಯಿ ಒಯ್ಯಬೇಕೆಂದು ನನಗೆ ಹೊಳೆಯಿತು. ಅಂಗಡಿಯ ಕೆಲಸದವರ ಸಹಾಯದಿಂದ ವ್ಯಾನಿಗೆ ಏರಿಸಿ, ಒಬ್ಬನೇ ಡ್ರೈವ್ ಮಾಡಿಕೊಂಡು ಹೋದೆ. ಆ ಗೆಳತಿಯ ಮನೆಯ ಮುಂದೆ ವ್ಯಾನಿನ ಬಾಗಿಲು ತೆರೆದು ಕಡಾಯಿಗೆ ಕೈ ಹಾಕಿದೆ. ಎತ್ತಲಾಗಲಿಲ್ಲ. ಒಂದು ಹಿಡಿಕೆ ಹಿಡಿದು ಎಳೆದರೆ ಅದು ಇದ್ದಲ್ಲೇ ತಿರುಗುತ್ತಿತ್ತು.

ಗೇಟಿನ ಹತ್ತಿರ ನಿಂತಿದ್ದ ಗುರುತಿಲ್ಲದ ಹೆಂಗಸೊಬ್ಬರು ನೋಡಿ ಓಡಿ ಬಂದು ಇನ್ನೊಂದು ಹಿಡಿಕೆ ಹಿಡಿದರು. ಇಬ್ಬರೂ ಎತ್ತಿ ಅಂಗಳ ದಾಟಿ ನಡೆದೆವು.

"ಎಂಥ ಕಡಾಯಿ ಸರ್! ಬಾಡಿಗೆಗೆ ತಂದ್ರಾ? ಯಾರದ್ದು?" ಎಂದು ಏದುಸಿರಿನಲ್ಲಿ ಕೇಳಿದರು.

"ನೀವು ಹಿಡಿದಿರೋದು ನಮ್ಮ ಅಕ್ಕಂದು" ಎಂದೆ.