ಬದುವಿನಡಿಯ ಗಡಿಗೆ

ಲುವಾ ಇಳಿಸಿದ ಅಕ್ಕಿ ಸಾರಾಯಿ ಕುಡಿದವರು ಜಗಳವಾಡುವುದಿಲ್ಲ, ಹಾಡುತ್ತಾರೆ ಎಂದು ಊರಿನಲ್ಲಿ ಮಾತಿತ್ತು. ಅವಳಿಗೆ ಮಾತ್ರ ಜಗಳವಾಡಲು ಸಾರಾಯಿ ಬೇಕಿರಲಿಲ್ಲ. ಪಕ್ಕದ ಗದ್ದೆಯ ಖಾಮ್ ಮುದುಕನೊಂದಿಗೆ ಆರು ವರ್ಷದಿಂದ ಅವಳ ಹಟ ನಡೆದಿತ್ತು. ಕಾರಣ, ಇಬ್ಬರ ಗದ್ದೆಗಳ ನಡುವಿನ ಒಂದೂವರೆ ಮೊಳ ಅಗಲದ ಬದು. ತನ್ನದೆಂದು ಅವನು, ತನ್ನದೆಂದು ಇವಳು. ಒಬ್ಬರು ಬಾಳೆ ನೆಟ್ಟರೆ ಇನ್ನೊಬ್ಬರು ಕಿತ್ತು ಎಸೆಯುವರು.

ಅವಳ ಗಂಡ, ನಾಡನ್ನು ಆಳುತ್ತಿದ್ದ ಫ್ರೆಂಚರ ರೈಲುದಾರಿ ಕೆಲಸಕ್ಕೆಂದು ಉತ್ತರದ ಬೆಟ್ಟಗಳಿಗೆ ಹೋದವನು. ಹೋದ ಎನ್ನುವುದು ಮರ್ಯಾದೆಯ ಮಾತು, ಹೆಸರು ಬರೆದುಕೊಂಡು ಎಳೆದೊಯ್ದರು. ಜ್ವರ ಬಂದು ಅಲ್ಲೇ ಸತ್ತ, ಹೆಣವೂ ಕೆಂಪು ನದಿಯ ಬಯಲಿಗೆ ಮರಳಲಿಲ್ಲ. ಮನೆಯಲ್ಲಿ ಉಳಿದವರು ಲುವಾ ಮತ್ತು ಅವಳ ಅತ್ತೆ. ಯಾವ ಬೇರು, ಯಾವ ತೊಗಟೆ ಕುಟ್ಟಿ ಹೆಪ್ಪಿನ ಬಿಲ್ಲೆ ಮಾಡಬೇಕು, ಅನ್ನ ಎಷ್ಟು ಬೆಚ್ಚಗಿದ್ದಾಗ ಅದರ ಪುಡಿ ಉದುರಿಸಬೇಕು, ಗಡಿಗೆಗೆ ಕಿವಿಯಿಟ್ಟು ಒಳಗೆ ಹುದುಗುವ ಅನ್ನದ ಕೊಳೆ ಹದಕ್ಕೆ ಬಂದದ್ದನ್ನು ಹೇಗೆ ತಿಳಿಯಬೇಕು, ಎಲ್ಲವನ್ನೂ ಕೈಹಿಡಿದು ಕಲಿಸಿದವಳು ಅತ್ತೆಯೇ. ಕಳೆದ ವರ್ಷದ ಹತ್ತನೇ ತಿಂಗಳಲ್ಲಿ ಮುದುಕಿ ತೀರಿಕೊಂಡಳು. ಸಾಯುವ ಹಿಂದಿನ ದಿನ ಸೊಸೆಯನ್ನು ಹತ್ತಿರ ಕರೆದಳು.

"ನನ್ನ ತಿಥಿಗೆ ಆ ಸೀಸೆಯದ್ದು ಇಡಬ್ಯಾಡ ಕಣೇ. ಮೂಗು ಮುಚ್ಕೊಂಡು ಹೆಂಗೆ ಮನೆಗೆ ಬರ್ಲಿ?"

ಸೀಸೆಯದ್ದು ಎಂದರೆ ಕಂಪನಿಯ ಸಾರಾಯಿ. ಮನೆಗಳಲ್ಲಿ ಭಟ್ಟಿ ಇಳಿಸಕೂಡದೆಂದು ಕಾನೂನು ಮಾಡಿ, ದೊರೆಗಳು ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ತಲೆಗಿಷ್ಟು ಎಂದು ಪ್ರತಿ ಊರಿಗೂ ಸೀಸೆ ಹೊರಿಸುತ್ತಿದ್ದರು, ಹಸುಗೂಸಿನ ತಲೆಯನ್ನೂ ಬಿಡದೆ. ಸೀಸೆ ಖರ್ಚಾಗದಿದ್ದರೆ ಊರು ಕಳ್ಳಭಟ್ಟಿ ಕುಡಿಯುತ್ತಿದೆ ಎಂದು ಪಟೇಲನ ಬೆನ್ನಿಗೆ ಬೆತ್ತದ ಏಟು. ಸೀಮೆಎಣ್ಣೆಯಂತೆ ನಾರುವ ಅದನ್ನು ಜನ ಕೊಂಡು ತಂದು ಕಾಲುವೆಗೆ ಚೆಲ್ಲುತ್ತಿದ್ದರು. ಕುಡಿಯದ್ದಕ್ಕೂ ಹಣ ಕೀಳುವ ಈ ವಿದ್ಯೆಯನ್ನು ಅವರು ಯಾವ ಮಠದಲ್ಲಿ ಕಲಿತರೋ ದೇವರೇ ಬಲ್ಲ.

ಕಾನೂನಿನಲ್ಲಿ ಇನ್ನೊಂದು ಕೊಕ್ಕೆಯಿತ್ತು. ಕೊಳೆಯ ಗಡಿಗೆ ಯಾರ ನೆಲದಲ್ಲಿ ಸಿಕ್ಕಿತೋ ಅವರಿಗೇ ಜೈಲು. ಹೂತವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ.

ಮೊದಲ ವರ್ಷದ ತಿಥಿ ಹತ್ತಿರವಾದಾಗ ಲುವಾ ಅನ್ನ ಬೇಯಿಸಿ, ಹೆಪ್ಪು ಬೆರೆಸಿ, ಗಡಿಗೆಯ ಬಾಯಿಗೆ ಮಣ್ಣು ಮೆತ್ತಿ ಆ ಬದುವಿನಡಿಯಲ್ಲೇ ಹೂತಳು. ಅಲ್ಲಿಗೆ ಗುದ್ದಲಿ ಹಾಕುವ ಎದೆ ಊರಿನಲ್ಲಿ ಯಾರಿಗೂ ಇರಲಿಲ್ಲ, ಹಾಕಿದರೆ ಎರಡು ಬಾಯಿಗೆ ಉತ್ತರ ಹೇಳಬೇಕಾಗಿತ್ತು. ಜಾಣ ಲೆಕ್ಕಾಚಾರವೇ. ಆದರೆ ದೊರೆಗಳ ಕಬ್ಬಿಣದ ಸಲಾಕೆಗೆ ಊರ ಜಗಳ ಗೊತ್ತಿರಲಿಲ್ಲ.

ತಿಥಿಗೆ ನಾಲ್ಕು ದಿನವಿದ್ದಾಗ ಸುಂಕದ ಸಾಹೇಬ, ಅವನ ದುಭಾಷಿ, ನಾಲ್ವರು ಸಿಪಾಯಿಗಳು ಬಂದರು. ಕೊಯ್ಲಾದ ಗದ್ದೆಗಳಲ್ಲಿ ಸಲಾಕೆ ಚುಚ್ಚುತ್ತ ಹೊರಟವರಿಗೆ ಬದುವಿನಲ್ಲಿ ಟಣ್ ಎಂದಿತು. ದುಭಾಷಿ ಕೈಯೆತ್ತಿ ಕೂಗಿದ.

"ಯಾರದ್ರೀ ಈ ನೆಲ?"

ಆಚೆ ಮೂಲೆಯಲ್ಲಿ ಹುಲ್ಲು ಒಣಗಿಸುತ್ತಿದ್ದ ಖಾಮನ ಕಿವಿಗೆ ಇಷ್ಟು ಮಾತ್ರ ಬಿತ್ತು. ಸರ್ಕಾರ ಈ ಪ್ರಶ್ನೆ ಕೇಳಲೆಂದು ಅವನು ಆರು ವರ್ಷ ಕಾದಿದ್ದ. ಎದ್ದುಬಿದ್ದು ಓಡಿಬಂದ.

"ನಂದು ಸ್ವಾಮಿ! ನಮ್ಮಜ್ಜನ ಕಾಲದಿಂದ ನಂದು! ಪತ್ರ ಐತೆ ನೋಡಿ!"

ಸೊಂಟದಿಂದ ಪತ್ರ ತೆಗೆದು ಕೊಟ್ಟೇಬಿಟ್ಟ. ಹೆಸರು ಬರೆದುಕೊಂಡ ಮೇಲೆ ಸಿಪಾಯಿಗಳು ಗಡಿಗೆ ಮೇಲೆತ್ತಿದರು, ಅವನ ಕೈ ಕಟ್ಟಿದರು.

"ಅಯ್ಯೋ, ಗಡಿಗೆ ನಂದಲ್ಲ! ನೆಲ ಅಷ್ಟೇ ನಂದು!"

"ನಮಗೂ ನೆಲದ ಯಜಮಾನನೇ ಬೇಕಾಗಿದ್ದಿದ್ದು ತಾತ," ಎಂದ ದುಭಾಷಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು.

ಪಟೇಲ ಹಿತ್ತಿಲ ದಾರಿಯಿಂದ ಲುವಾಳ ಮನೆಗೆ ಓಡಿದ. ಬೆನ್ನ ಮೇಲೆ ಬೆತ್ತದ ಬರೆಗಳಿದ್ದರೂ ಅವನ ನಾಲಿಗೆಗೆ ಅವಳ ಸಾರಾಯಿಯೇ ಆಗಬೇಕಿತ್ತು.

"ಲುವಾ, ಬಾಯಿ ಮುಚ್ಕೊಂಡು ಒಳಗಿರು. ಮುದುಕ ತಾನೇ ಬರೆಸ್ಕೊಟ್ಟ. ಅವ್ನು ಹೋದ್ರೆ ಬದೂನೂ ನಿಂದೇ. ತಿಥಿಗೆ ಇನ್ನೊಂದು ಗಡಿಗೆ ಹಾಕ್ಕೊಂಡ್ರಾಯ್ತು."

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು. ಆಮೇಲೆ ಬಾಗಿಲಿಗೆ ಬಂದು ಬದುವಿನ ಕಡೆ ಇಣುಕಿದಳು. ಎಪ್ಪತ್ತು ದಾಟಿದ ಮುದುಕ, ಜೈಲಿನಿಂದ ಅವನ ಹೆಣವೂ ಬರುವುದು ಅನುಮಾನ. ಹೆಣ ಬಾರದ ಮನೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾನು ಹೋದರೆ ಅತ್ತೆಯ ತಿಥಿ ಮಾಡಲು ದಿಕ್ಕಿಲ್ಲ, ಅದೂ ನಿಜ. ಅತ್ತೆಗೆ ಕೊಟ್ಟ ಮಾತು ಒಂದು ಕಡೆ, ಈ ಜಗಳಗಂಟ ಮುದುಕ ಒಂದು ಕಡೆ.

"ಇನ್ನೊಬ್ಬರ ಮನೆ ಅಳು ಬೆರೆಸಿ ಕೊಟ್ರೆ ನಮ್ಮತ್ತೆ ಕುಡೀತಾಳಾ?" ಎಂದು ಪಟೇಲನನ್ನು ಬದಿಗೆ ತಳ್ಳಿ ಹೊರಟಳು.

ಬದುವಿನ ಸುತ್ತ ಊರೇ ನೆರೆದಿತ್ತು. ಅವಳು ನೇರ ಸಾಹೇಬನ ಮುಂದೆ ನಿಂತಳು.

"ಈ ನೆಲ ನಂದು."

"ಮುದುಕ ಪತ್ರ ತೋರಿಸಿದ್ದಾನಲ್ಲ," ಎಂದ ದುಭಾಷಿ.

"ಸುಳ್ಳು ಪತ್ರ. ಆರು ವರ್ಷದಿಂದ ಹೇಳ್ತಾ ಇದೀನಿ, ಊರೋರ್ನೇ ಕೇಳಿ. ಬದು ನಂದು, ಗಡಿಗೆ ನಂದು, ಒಳಗಿರೋದೂ ನಂದು. ಮೂಸಿ ನೋಡಿ ಸ್ವಾಮಿ. ಈ ಮುದುಕನ ಕೈಲಿ ಅನ್ನಾನೇ ನೆಟ್ಟಗೆ ಬೇಯಲ್ಲ, ಇಂಥದ್ದು ಮಾಡ್ತಾನಾ?"

ಖಾಮನಿಗೆ ತಡೆಯಲಾಗಲಿಲ್ಲ. "ಪತ್ರ ಸುಳ್ಳಲ್ಲ ಕಣೇ!" ಎಂದು ಕಟ್ಟಿದ ಕೈಗಳನ್ನೇ ಎತ್ತಿ ಅರಚಿದ.

"ಸುಮ್ನಿರೋ ಮುದ್ಕಾ!" ಎಂದು ಹತ್ತು ಜನ ಒಟ್ಟಿಗೆ ಗದರಿಸಿದರು.

ಆಗ ಅವನಿಗೆ ಅರ್ಥವಾಯಿತು. ಲುವಾಳ ಮುಖ ನೋಡಿದ. ಕಣ್ಣೀರು ಗಡ್ಡಕ್ಕೆ ಇಳಿಯಿತು. "ಹೂಂ ಸ್ವಾಮಿ, ಅವಳದ್ದೇ," ಎಂದ. ಆರು ವರ್ಷದ ವ್ಯಾಜ್ಯ ಹಾಗೆ ತೀರ್ಮಾನವಾಯಿತು.

ಕೈ ಕಟ್ಟಿಸಿಕೊಳ್ಳುತ್ತ ಅವಳು ಖಾಮನಿಗೆ ಹೇಳಿದಳು: "ಮಾವ, ನಾಲ್ಕು ದಿನಕ್ಕೆ ನಮ್ಮತ್ತೆ ತಿಥಿ. ಹಿರೀಕರ ಪೀಠಕ್ಕೆ ಬಾವಿ ನೀರು ಇಡು. ಸೀಸೆ ಮಾತ್ರ ಇಡಬ್ಯಾಡ. ಪಟೇಲ ಪುಕ್ಕಟೆ ಕೊಟ್ರೂ ಬ್ಯಾಡ."

ಏಳು ತಿಂಗಳು ಜಿಲ್ಲಾ ಜೈಲಿನಲ್ಲಿ ಕಲ್ಲು ಒಡೆದಳು. ಅಲ್ಲಿದ್ದ ಹೆಂಗಸರಲ್ಲಿ ಅರ್ಧ ಜನ ಕೊಳೆಯ ಕೇಸಿನವರೇ. ಬಿಡುಗಡೆಯಾಗಿ ಬಂದಾಗ ಐದನೇ ತಿಂಗಳ ಕೊಯ್ಲು ಮುಗಿದಿತ್ತು. ಅವಳ ಪಾಲಿನ ಗದ್ದೆಯನ್ನು ಖಾಮ್ ತಾನೇ ನೆಟ್ಟು, ಕೊಯ್ದು, ಭತ್ತವನ್ನು ಅವಳ ಮನೆಯಲ್ಲಿ ತುಂಬಿಟ್ಟಿದ್ದ. ತಿಥಿಯ ದಿನ ನೀರಿಟ್ಟು, ಒಂದು ಕೋಳಿ ಬೇಯಿಸಿಟ್ಟು, ಅಡ್ಡಬಿದ್ದಿದ್ದ. ಪಟೇಲ ಸೀಸೆ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಎಲ್ಲವನ್ನೂ ಅವಳು ಕೇಳಿಸಿಕೊಂಡಳು. ಆಮೇಲೆ ಗದ್ದೆಯ ಕಡೆ ಕಣ್ಣು ಹಾಯಿಸಿದಳು.

"ಮಾವ, ಬದು ನನ್ನ ಕಡೆ ಒಂದು ಗೇಣು ನಡ್ಕೊಂಡು ಬಂದೈತಲ್ಲ?"

"ಮಳೆಗೆ ಜಾರಿರಬೇಕು ಕಣವ್ವ."

"ಮಳೆ ನಿನ್ನ ಕಡೆಗೆ ಯಾಕೆ ಜಾರಿಸಲ್ಲ?"

ಇಬ್ಬರೂ ನಕ್ಕರು. ನಗುನಗುತ್ತಲೇ ಅವಳು ಕೊಳಗ ತುಂಬ ಹೊಸ ಅಕ್ಕಿ ಅಳೆದು ನೀರಿಗೆ ಸುರಿದಳು. ಮಾಡಿನ ಹುಲ್ಲಿನಿಂದ ಹೆಪ್ಪಿನ ಬಿಲ್ಲೆಗಳನ್ನು ಎಳೆದು ಮೂಸಿದಳು. ಮುದುಕನ ಮುಖ ಬಿಳಿಚಿತು.

"ಮತ್ತೆ ಹಿಡೀತಾರೆ ಲುವಾ. ಈ ಸಲ ವರ್ಷಗಟ್ಟಲೆ ಒಳಗೆ ಹಾಕ್ತಾರೆ. ನಿಮ್ಮತ್ತೆಗೆ ನೀರೇ ಸಾಕಾಗಿತ್ತಲ್ಲ?"

"ನೀರು ಕುಡ್ಕೊಂಡು ಏಳು ತಿಂಗಳು ಕಾದಿದಾಳೆ, ಸಾಕು."

"ಗಡಿಗೆ ಎಲ್ಲಿ ಹೂಳ್ತೀಯೇ?"

"ನನ್ನ ಗದ್ದೆ ನಟ್ಟನಡುವೆ," ಎಂದಳು ಲುವಾ. "ಈ ಸಲ ಯಾರ ನೆಲ ಅಂತ ಯಾರೂ ಕೇಳೋ ಹಂಗಿರಬಾರದು."