ದಂಡದ ಹಂದಿ

ಸಮೋವಾದ ಆ ಕಡಲತಡಿಯ ಊರಿಗೆ ಪರವೂರ ಮುಖಂಡರು ಬಂದರೆ, ಕೋಲೂರಿ ಎದ್ದು ಸ್ವಾಗತದ ಮಾತಾಡುವ ಹಕ್ಕು ಸೆಮೌನದು. ಆವ ಎಂಬ ಗಿಡದ ಬೇರಿನ ಪಾನೀಯವನ್ನು ತೆಂಗಿನ ಚಿಪ್ಪಿನಲ್ಲಿ ಹಂಚುವಾಗ ಯಾರಿಗೆ ಮೊದಲ ಚಿಪ್ಪು, ಯಾರಿಗೆ ಯಾವ ಬಿರುದು ಎಂದು ಕೂಗುವವನೂ ಅವನೇ. ಒಂದು ಹೆಸರು ಹಿಂದುಮುಂದಾದರೆ ಅವಮಾನ, ಅವಮಾನಕ್ಕೆ ದಂಡ, ಒಂದು ದೊಡ್ಡ ಹಂದಿ. ಸೆಮೌ ಒಮ್ಮೆಯೂ ದಂಡ ತೆತ್ತವನಲ್ಲ. ಬೇರೆಯವರು ತಪ್ಪಿದರೆ, "ನಾಲಿಗೆಗೆ ಏಡಿ ಕಚ್ಚಿತ್ತೇನಯ್ಯಾ?" ಎಂದು ಕಿಚಾಯಿಸುತ್ತಿದ್ದ. ಸ್ವಲ್ಪ ಸೊಕ್ಕೂ ಇತ್ತೆನ್ನಿ.

ಕೊರೊನಾ ಬಂದಾಗ ಒಂದು ವಾರ ಜ್ವರ, ಕೆಮ್ಮು, ಅಷ್ಟೇ. ಎದ್ದು ಕುಳಿತು ಉಂಡದ್ದು ನೋಡಿ ಹೆಂಡತಿ ಸಿಯೆನಿ ದೇವರಿಗೆ ಕೈಮುಗಿದಳು. ಆದರೆ ತಿಂಗಳುಗಳು ಕಳೆದರೂ ತಲೆ ಸರಿಹೋಗಲಿಲ್ಲ. ಕೆಸುವಿನ ಗಡ್ಡೆ ಕೀಳಲು ಹೋದವನು ಯಾಕೆ ಬಂದೆನೆಂದು ತಿಳಿಯದೆ ತೋಟದಲ್ಲಿ ನಿಂತಿರುತ್ತಿದ್ದ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ.

"ವೈರಸ್ ಹೋಗಿದೆ, ಮಿದುಳಿಗೆ ಬಿದ್ದ ಪೆಟ್ಟು ಉಳ್ಕೊಂಡಿದೆ," ಎಂದರು ಪಟ್ಟಣದ ಡಾಕ್ಟರಮ್ಮ. "ಕೆಲವರಿಗೆ ನಿಧಾನಕ್ಕೆ ವಾಸಿಯಾಗುತ್ತೆ. ಕೆಲವರಿಗೆ ಇಲ್ಲ. ಇದಕ್ಕೇ ಅಂತ ಮಾತ್ರೆ ಇಲ್ಲಮ್ಮ."

ಸವಾಯಿ ದ್ವೀಪದ ಮುಖಂಡರು ಬರುವ ಸುದ್ದಿ ಬಂತು.

"ಈ ಸಲ ನಿಮ್ಮ ತಮ್ಮ ಮಾತಾಡ್ಲಿ ಬಿಡ್ರೀ," ಎಂದಳು ಸಿಯೆನಿ.

"ಯಾಕೆ, ನಾನೇನು ಸತ್ತಿದ್ದೀನಾ?"

ಹಟಕ್ಕೆ ಬಿದ್ದ ಗಂಡಸಿಗೆ ಯಾರು ಬುದ್ಧಿ ಹೇಳುತ್ತಾರೆ?

ಅತಿಥಿಗಳು ಬಂದ ದಿನ ಸೆಮೌ ಮಾತುಗಾರನ ಗುರುತಾದ ನಾರಿನ ಚೌರಿಯನ್ನು ಹೆಗಲಿಗೇರಿಸಿ ನಿಂತ. ಅತಿಥಿಗಳ ಹಿರಿಯನಿಗೆ ಸಲ್ಲಬೇಕಾದ ಮೊದಲ ಚಿಪ್ಪನ್ನು ಅವನ ಬದಿಯ ಕಿರಿಯನ ಹೆಸರಿಗೆ ಕೂಗಿಬಿಟ್ಟ. ತಪ್ಪು ಗೊತ್ತಾಯಿತು. ತಿದ್ದಲು ಬಾಯಿ ತೆರೆದರೆ ಹಿರಿಯನ ಬಿರುದೇ ಬರಲೊಲ್ಲದು. ಎಲ್ಲರೂ ಚಾಪೆ ನೋಡುತ್ತ ಕುಳಿತರು. ಕೊನೆಗೆ ತಮ್ಮನೇ ಎದ್ದು ಬಿರುದು ಕೂಗಿದ.

ಸೋಮವಾರದ ಪಂಚಾಯಿತಿಯಲ್ಲಿ ದಂಡದ ಮಾತು ಬರುತ್ತದೆಂದು ಸೆಮೌ ಕಾದ. ಯಾರೂ ಎತ್ತಲಿಲ್ಲ. ತಾನೇ ಕೇಳಿದ.

"ನನ್ನ ದಂಡ ಎಷ್ಟು?"

"ಮನೆಗೆ ಹೋಗಿ ಮಲ್ಕೋ ಅಣ್ಣ," ಎಂದ ಊರ ಮುಖಂಡ ಅಸೋಮುವಾ. "ಹುಷಾರಿಲ್ಲದವರಿಗೆ ಎಂಥ ದಂಡ?"

ಯಾರೂ ನಗಲಿಲ್ಲ, ಕಿಚಾಯಿಸಲಿಲ್ಲ. ಏಡಿಯ ಮಾತನ್ನಾದರೂ ಆಡಬಾರದಿತ್ತೇ?

ಮರುದಿನ ಸೆಮೌ ಮನೆಯ ದೊಡ್ಡ ಹಂದಿಯ ಕಾಲಿಗೆ ಹಗ್ಗ ಕಟ್ಟಿ, ದಾರಿಯಲ್ಲಿ ಎರಡು ಸಲ ಕುಳಿತು ಸುಧಾರಿಸಿಕೊಂಡು, ಅಸೋಮುವಾನ ಅಂಗಳದ ಬ್ರೆಡ್‌ಫ್ರೂಟ್ ಮರಕ್ಕೆ ಕಟ್ಟಿ ಬಂದ.

ಸಂಜೆ ಅಸೋಮುವಾನ ಮನೆಯಿಂದ ಹಂದಿ ವಾಪಸ್ ಬಂತು. ಜೊತೆಗೊಂದು ಪಾತ್ರೆ, ಕಾಯಿಲೆಯವರಿಗೆ ಕುಡಿಸುವ ಬಾಳೆಹಣ್ಣಿನ ಗಂಜಿ.

ಸೆಮೌ ಅದನ್ನು ಮುಟ್ಟಲಿಲ್ಲ. "ದಂಡಕ್ಕೂ ಲಾಯಕ್ಕಿಲ್ಲದೋನಾದೆ ಕಣೆ," ಎಂದು ಬಿಕ್ಕಿದ.

ಸಿಯೆನಿ ಅಂಗಳಕ್ಕಿಳಿದು ಹಂದಿಯ ಹಗ್ಗ ಬಿಚ್ಚಿದಳು.