ಮಗ್ಗದ ಸದ್ದು ಅಳಿಸಿದಾಗ

“ಇದು ನಮ್ಮೆಜಮಾನ್ರ ದನಿ ಅಲ್ಲ. ಅವ್ರು ಒಂದಿನಾನೂ ನನ್ಮೇಲೆ ಹಿಂಗೆ ರೇಗಿದವ್ರಲ್ಲ” ಎಂದು ಆ ಹೆಂಗಸು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟುಬಿಟ್ಟರು. ಕಣ್ಣು ತುಂಬಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರದ ನನ್ನ ಕ್ಯಾಸೆಟ್ ಅಂಗಡಿಗೆ ಸಿ.ಡಿ. ಬರೆಯುವ ಕಂಪ್ಯೂಟರ್ ಆಗಷ್ಟೇ ಬಂದಿತ್ತು. ತೀರಿಕೊಂಡ ಗಂಡನ ದನಿಯಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಸಿ.ಡಿ.ಗೆ ಹಾಕಿಕೊಡಿ ಎಂದು ಆಕೆ ತಂದಿದ್ದರು. ಗಂಡ ಮಗ್ಗದಲ್ಲಿ ನೇಯುತ್ತಿದ್ದಾಗ ಮಗಳು ಪಕ್ಕದಲ್ಲಿ ನಿಂತು ರೆಕಾರ್ಡ್ ಮಾಡಿದ್ದಂತೆ. ಪವರ್‌ಲೂಮ್ ಬಡಿತದಲ್ಲಿ ಮಾತೇ ಮುಳುಗಿಹೋಗಿತ್ತು. “ಡಿಜಿಟಲ್ ಆದ್ಮೇಲೆ ದನಿಯೆಲ್ಲ ಬರೀ ಅಂಕಿ ಕಣಮ್ಮಾ, ಬೇಡದ್ದನ್ನ ಅಳಿಸ್ಬೋದು” ಎಂದು ಜಂಬದಿಂದ ಹೇಳಿ ಮಗ್ಗದ ಸದ್ದನ್ನು ಆದಷ್ಟೂ ತೆಗೆದಿದ್ದೆ. ಈಗ ಆ ನಿಶ್ಶಬ್ದದಲ್ಲಿ ಒಬ್ಬ ಗಂಡಸು ಗಂಟಲು ಹರಿದುಕೊಂಡು “ಊಟ ಮಾಡಿದ್ಯೇನೇ?” ಎಂದು ಅಬ್ಬರಿಸುತ್ತಿದ್ದ.

ನನಗೆ ಆಗ ಹೊಳೆಯಿತು. ಮಗ್ಗದ ಮನೆಯಲ್ಲಿ ಅಕ್ಕರೆಯ ಮಾತನ್ನೂ ಕೂಗಿಯೇ ಹೇಳಬೇಕು. ಏನನ್ನೂ ಅಳಿಸದ ಮೊದಲ ಫೈಲನ್ನು ಸ್ಪೀಕರಿಗೆ ಹಾಕಿದೆ. ಅಂಗಡಿಯ ತುಂಬ ಮಗ್ಗ ಬಡಿಯತೊಡಗಿತು. ಅದರ ನಡುವೆ ಅದೇ ಕೂಗು ಎಷ್ಟು ಮೆತ್ತಗೆ ಕೇಳಿಸಿತೆಂದರೆ, ಆಕೆ ಮೈಮರೆತು, ಅಷ್ಟೇ ಜೋರಾಗಿ, “ಇನ್ನೂ ಇಲ್ಲಾ, ನೀವ್ ಬನ್ನೀ!” ಎಂದು ಕೂಗಿಬಿಟ್ಟರು.

ಅಂದಿನಿಂದ ಯಾರು ಹಳೆಯ ಕ್ಯಾಸೆಟ್ ತಂದರೂ ಸದ್ದಿಗೆ ಕೈಹಾಕುವ ಮೊದಲು ಒಂದು ಮಾತು ಕೇಳುತ್ತೇನೆ: “ಇವ್ರು ಎಲ್ಲಿ ನಿಂತು ಮಾತಾಡ್ತಿದ್ರು?”